ಅಲೆ, ಹಿಮ, ಹಲಗೆ: ಕ್ಯಾಮೆರಾ ಹಿಡಿದವನ ಬದುಕು

ಮೊನ್ನೆ ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆವು. ಚನ್ನರಾಯಪಟ್ಟಣದ ಪರಿಚಯದ ವ್ಯಾಪಾರಿಯೊಬ್ಬರು ಕೈ ಹಿಡಿದು ಪಕ್ಕಕ್ಕೆ ಕರೆದರು.

"ಉಸ್ತಾದರೇ, ಮಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳ್ಬೇಕು. ಪಿಯುಸಿ ಮುಗೀತು. ಅಂಗಡಿಗೆ ಬಾ ಅಂದ್ರೆ ಬರಲ್ಲ, ಡಿಗ್ರಿಗೆ ಸೇರು ಅಂದ್ರೆ ಸೇರಲ್ಲ. ಕ್ಯಾಮೆರಾ ತಗೊಂಡು ಸಮುದ್ರದ ಅಲೆ ಶೂಟ್ ಮಾಡ್ತೀನಿ ಅಂತಾನೆ. ಅಲೆ ಶೂಟ್ ಮಾಡಿ ಯಾರು ಹೊಟ್ಟೆ ತುಂಬಿಸ್ಕೊಂಡಿದ್ದಾರೆ?"

ನಾವು ಗದರಿಸುವುದಕ್ಕೇ ತಯಾರಾಗಿದ್ದೆವು. ಕಾರಣ ಇತ್ತು. ಅದಕ್ಕೆ ಮೂರು ವಾರ ಮುಂಚೆ ಅರಕಲಗೂಡು ಕಡೆಯ ಹುಡುಗನೊಬ್ಬ, ನಮ್ಮ ಮದ್ರಸದಲ್ಲೇ ಓದಿದವನು, ರೀಲ್ಸ್‌ಗಾಗಿ ಬೈಕ್ ವ್ಹೀಲಿಂಗ್ ಮಾಡಲು ಹೋಗಿ ರಸ್ತೆಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಒಳಗೆ ರಾಡ್ ಹಾಕಿದ್ದಾರೆ. ನೋಡಲು ಹೋದಾಗ ಆ ವಿಡಿಯೋವನ್ನೂ ನಮಗೆ ತೋರಿಸಿದರು. ಬೀಳುವುದಕ್ಕಿಂತ ಸ್ವಲ್ಪ ಮೊದಲು ಫೋನ್ ಹಿಡಿದ ಗೆಳೆಯನ ದನಿ ಕೇಳುತ್ತದೆ: "ಇನ್ನೂ ಎತ್ತು, ಇನ್ನೂ ಎತ್ತು." ಆ ದನಿ ಎಷ್ಟೋ ರಾತ್ರಿ ನಮ್ಮ ಕಿವಿಯಲ್ಲೇ ಇತ್ತು.

ಮಾರನೆಯ ದಿನ ವ್ಯಾಪಾರಿಯ ಮಗ ಬಂದ. ಸಲಾಂ ಹೇಳಿ, ತಲೆ ತಗ್ಗಿಸಿ ಕೂತ. ಏನು ಶೂಟ್ ಮಾಡಿದ್ದೀಯ ತೋರಿಸು ಎಂದೆವು. ತಾಯಿಯ ತವರು ಮುಲ್ಕಿ. ರಜೆಯಲ್ಲಿ ಅಜ್ಜಿ ಮನೆಗೆ ಹೋದವನು ಸಸಿಹಿತ್ಲು ಬೀಚ್‌ನಲ್ಲಿ ಸರ್ಫಿಂಗ್ ಪಂದ್ಯ ನೋಡಿ ಬಂದಿದ್ದ. ಅಲೆಯ ಮೇಲೆ ಹಲಗೆ ಹಾಕಿ, ಅದರ ಮೇಲೆ ನಿಂತು ದಡದ ಕಡೆ ಜಾರಿ ಬರುವುದೇ ಸರ್ಫಿಂಗ್. ಅವನ ವಿಡಿಯೋದಲ್ಲಿ ಗೌಜಿಯ ಹಾಡಿರಲಿಲ್ಲ. ಒಬ್ಬ ಹುಡುಗ ನೀರಲ್ಲಿ ಕೂತು ಅಲೆಗಾಗಿ ಕಾಯುತ್ತಿರುವುದನ್ನೇ ತುಂಬ ಹೊತ್ತು ತೋರಿಸಿದ್ದ. ಆಮೇಲೆ ಒಂದೇ ಒಂದು ಅಲೆ. ನಾವು ಎರಡು ಸಲ ನೋಡಿದೆವು. ಬೈಯಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. ಇಂಥ ಕೆಲಸ ಮಾಡುವವರು ಹೇಗೆ ಬದುಕುತ್ತಾರೆ ಎಂದು ಮೊದಲು ತಿಳಿದುಕೊಳ್ಳೋಣ ಅನ್ನಿಸಿತು. ಹುಡುಗನೇ ಒಂದಷ್ಟು ತೋರಿಸಿದ, ಉಳಿದದ್ದನ್ನು ನಾವೇ ಹುಡುಕಿ ಓದಿದೆವು.

ಘಟ್ಟ ಹತ್ತಿ ಹಾಸನ ಜಿಲ್ಲೆಗೆ ಬಂದ ಬ್ಯಾರಿಗಳಿಗೆ ಕಡಲು ಎಂದರೆ ಮೀನು, ಬಂದರು, ಗಲ್ಫ್. ಆದರೆ ನಮ್ಮ ಹಿರಿಯರ ಅದೇ ಕಡಲು ಈಗ ದೇಶದ ಸರ್ಫಿಂಗ್‌ಗೆ ತವರು. ಮುಲ್ಕಿಯ ಒಂದು ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಅದನ್ನು ಕಟ್ಟಿದ ಅಮೆರಿಕದ ಜ್ಯಾಕ್ ಹೆಬ್ನರ್ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆಯುತ್ತಿದ್ದರು. ಮುಂಬೈಯಿಂದ ಮಣಿಪಾಲಕ್ಕೆ ಓದಲು ಬಂದ ಇಶಿತಾ ಮಾಳವೀಯ ಇದನ್ನು ಕಲಿತು, ಗೆಳೆಯ ತುಷಾರ್ ಪಥಿಯನ್ ಜೊತೆ 2007ರಲ್ಲಿ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ತೆರೆದರು. ಸ್ವರ್ಣಾ ನದಿ ಕಡಲು ಸೇರುವ ಅಳಿವೆಯ ಊರು ಅದು. ಮೀನುಗಾರರ ಮಕ್ಕಳು ಅಲ್ಲಿ ಹಲಗೆ ಹತ್ತಿದರು. ಕ್ಯಾಮೆರಾ ಹಿಡಿದವರು ಅಲ್ಲಿಗೂ ಬಂದರು. ಕ್ರಿಸ್ಟಲ್ ಥಾರ್ನ್‌ಬರ್ಗ್ ಹೋಮ್ಸಿ ಮತ್ತು ಡೇವ್ ಹೋಮ್ಸಿ ಮಾಡಿದ 'ಬಿಯಾಂಡ್ ದಿ ಸರ್ಫೇಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಇಶಿತಾ ಇದ್ದಾರೆ, 2014ರದ್ದು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯ ನಡೆಯಿತು, ಆಮೇಲೂ ಅದು ಈ ಕರಾವಳಿಗೆ ಮತ್ತೆ ಮತ್ತೆ ಬಂದಿದೆ.

ಈಗ ವ್ಯಾಪಾರಿಯ ಪ್ರಶ್ನೆಗೆ ಬರೋಣ. ಹೊಟ್ಟೆ ತುಂಬುತ್ತದೆಯೇ?

ವಾರೆನ್ ಮಿಲ್ಲರ್ ಎಂಬ ಅಮೆರಿಕದವರು ಈ ಕಸುಬಿಗೆ ಅಜ್ಜನಂತಿದ್ದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದವರು 1946ರ ಚಳಿಗಾಲದಲ್ಲಿ ಗೆಳೆಯನೊಬ್ಬನ ಜೊತೆ ಸನ್ ವ್ಯಾಲಿ ಎಂಬ ಹಿಮದೂರಿಗೆ ಹೋದರು. ರೂಮು ಹಿಡಿಯಲು ದುಡ್ಡಿಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೇಲರನ್ನು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ ಅದರಲ್ಲೇ ಮಲಗಿದರು. ಕ್ಯಾಂಟೀನಿನಲ್ಲಿ ಪುಕ್ಕಟೆ ಸಿಗುವ ಕೆಚಪ್‌ಗೆ ಬಿಸಿನೀರು ಬೆರೆಸಿ ಸೂಪ್ ಎಂದು ಕುಡಿದರು. ಹಿಮದ ಮೇಲೆ ಜಾರುವಾಗ ತಮ್ಮ ತಪ್ಪೇನು ಎಂದು ನೋಡಿಕೊಳ್ಳಲು ಒಬ್ಬರನ್ನೊಬ್ಬರು ಸಣ್ಣ ಕ್ಯಾಮೆರಾದಲ್ಲಿ ಶೂಟ್ ಮಾಡಿಕೊಂಡರು. ಕಸುಬು ಶುರುವಾದದ್ದು ಹಾಗೆ. ಆಮೇಲೆ ದಶಕಗಳ ಕಾಲ ವರ್ಷಕ್ಕೊಂದು ಸಿನಿಮಾ. ಮೊದಲ ಕಾಲದಲ್ಲಿ ಊರಿಂದೂರಿಗೆ ರೀಲು ಹೊತ್ತು ಹೋಗಿ, ಬಾಡಿಗೆ ಹಾಲ್‌ನಲ್ಲಿ ಪರದೆ ಪಕ್ಕ ತಾವೇ ನಿಂತು ಕಥೆ ಹೇಳುತ್ತಿದ್ದರು. ಇದನ್ನು ಓದಿದಾಗ ನಮಗೆ ನೆನಪಾದದ್ದು ಮತ ಪ್ರಭಾಷಣಕ್ಕೆ ಬ್ಯಾಗ್ ಹೆಗಲಿಗೇರಿಸಿ ಬಸ್ಸು ಹತ್ತುವ ನಮ್ಮ ಉಸ್ತಾದರು! ಮಿಲ್ಲರ್ 93 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು.

ಬ್ರೂಸ್ ಬ್ರೌನ್ ಅವರದು ಇನ್ನೊಂದು ಕಥೆ. ಇಬ್ಬರು ಹುಡುಗರ ಜೊತೆ ಬೇಸಗೆಯ ಬೆನ್ನು ಹಿಡಿದು ದೇಶದೇಶಗಳ ಕಡಲಿಗೆ ಹೋಗಿ 'ದಿ ಎಂಡ್‌ಲೆಸ್ ಸಮ್ಮರ್' ಎಂಬ ಚಿತ್ರ ತೆಗೆದರು. ಕಡಲಿಲ್ಲದ ಊರಲ್ಲಿ ಇದನ್ನು ಯಾರೂ ನೋಡುವುದಿಲ್ಲ ಎಂದು ಹಂಚಿಕೆದಾರರು ಕೈಗೆತ್ತಿಕೊಳ್ಳಲಿಲ್ಲ. ಬ್ರೌನ್ ಹಟ ಹಿಡಿದು, ಅಮೆರಿಕದ ನಡುನಾಡಿನ ವಿಚಿತಾ ಎಂಬ ಊರಿನಲ್ಲಿ, ಅದೂ ಕೊರೆಯುವ ಚಳಿಗಾಲದಲ್ಲಿ ಹಾಕಿಸಿದರು. ಕಡಲೇ ಕಾಣದ ಜನ ಥಿಯೇಟರ್ ತುಂಬಿದರು. ಮುಂದೆ ನ್ಯೂಯಾರ್ಕ್‌ನಲ್ಲಿ ಸುಮಾರು ಒಂದು ವರ್ಷ ಓಡಿತು, 1966ರಲ್ಲಿ ದೇಶದ ತುಂಬ ಬಿಡುಗಡೆಯಾಯಿತು. ಚನ್ನರಾಯಪಟ್ಟಣದಲ್ಲಿ ಕೂತು ಅಲೆಯ ಕನಸು ಕಾಣುವ ಹುಡುಗ ಏಕೆ ಹಾಗಿದ್ದಾನೆ ಎಂದು ಅವನ ಉಪ್ಪನಿಗೆ ವಿವರಿಸಲು ಈ ವಿಚಿತಾದ ಕಥೆ ನಮಗೆ ಉಪಯೋಗಕ್ಕೆ ಬಂತು.

ಹಾಗೆಂದು ಇವರಿಬ್ಬರನ್ನೇ ತೋರಿಸಿ ದಾರಿ ಸುಲಭ ಎಂದು ಹೇಳಲಾರೆವು. ಈ ಕಸುಬಿನಲ್ಲಿ ತಿಂಗಳ ಸಂಬಳವಿಲ್ಲ. ಜಾಹೀರಾತು, ಪ್ರವಾಸದ ವಿಡಿಯೋ, ಮಧ್ಯೆ ಮಧ್ಯೆ ಮದುವೆ ಶೂಟಿಂಗ್, ಹೀಗೆ ಕೂಡಿಸಿಕೊಂಡೇ ಬದುಕು. ಕೆಲಸದ ಬಹುಪಾಲು ಬರೀ ಕಾಯುವುದು. ಗಾಳಿ ಏಳುವ ಮೊದಲು, ಬೆಳಗಿನ ಜಾವ ಅಲೆ ನಯವಾಗಿರುತ್ತದೆ. ಆದ್ದರಿಂದ ಸುಬ್‌ಹಿ ಹೊತ್ತಿಗೇ ಎದ್ದಿರಬೇಕು. (ಇದನ್ನು ಕೇಳಿ ಹುಡುಗನ ಉಮ್ಮ, ಅದೊಂದು ಲಾಭವಾದರೂ ಆಗಲಿ ಎಂದರಂತೆ.) ನೀರಲ್ಲಿ ಶೂಟ್ ಮಾಡುವವನು ಕ್ಯಾಮೆರಾವನ್ನು ನೀರು ಹೋಗದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕಾಲಿಗೆ ಈಜುರೆಕ್ಕೆ ಕಟ್ಟಿ, ಅಲೆ ಒಡೆಯುವ ಜಾಗಕ್ಕೇ ಈಜಿ ಹೋಗಬೇಕು. ಹಿಮದಲ್ಲಿ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಅದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಹಿಮ ಕುಸಿದರೆ ಹೂತವರನ್ನು ಹುಡುಕಲು ಸಿಗ್ನಲ್ ಯಂತ್ರ, ಉದ್ದ ಕೋಲು, ಸಲಿಕೆ ಬೆನ್ನ ಮೇಲೇ ಇರುತ್ತದೆ. ಸ್ಕೇಟ್‌ಬೋರ್ಡ್ ಚಿತ್ರ ತೆಗೆಯುವವನು ತಾನೂ ಒಂದು ಹಲಗೆ ಹತ್ತಿ, ಲೆನ್ಸ್ ನೆಲಕ್ಕೆ ತಾಗುವಷ್ಟು ಬಗ್ಗಿ, ಮುಂದಿನವನ ಹಿಂದೆಯೇ ಉರುಳುತ್ತಾನೆ. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಹುಡುಗರ ತಂಡ 2013ರಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿಕೊಂಡಿತು. ನಮ್ಮ ಹೊಳೆನರಸೀಪುರದ ಕೆಲವು ಬೀದಿಗಳಲ್ಲಿ ಆ ಹಲಗೆಯ ಚಕ್ರ ನಾಲ್ಕು ಮಾರು ಉರುಳಿದರೆ ದೊಡ್ಡದು, ಆ ಮಾತು ಬೇರೆ.

ನಮ್ಮ ಮನಸ್ಸು ತಿರುಗಿಸಿದ್ದು ಮಾತ್ರ ಇರಾನಿನ ಒಂದು ಚಿತ್ರ. ಚಾಬಹಾರ್ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು, ಭಾರತ ಕೈಜೋಡಿಸಿದ ಬಂದರು. ನಮ್ಮ ಅರಬ್ಬಿ ಸಮುದ್ರಕ್ಕೇ ತೆರೆದುಕೊಳ್ಳುವ ಓಮಾನ್ ಕೊಲ್ಲಿಯ ದಡ. ಫ್ರಾನ್ಸಿನ ಮಾರಿಯೋನ್ ಪ್ವಾಝೋ ಎಂಬ ಚಿತ್ರಕರ್ತೆ 2010ರಲ್ಲಿ ಐರ್ಲೆಂಡಿನ ಸರ್ಫರ್ ಈಸ್ಕಿ ಬ್ರಿಟನ್ ಜೊತೆ ಅಲ್ಲಿಗೆ ಹೋದರು. ಈಸ್ಕಿ ಆ ನಾಡಿನ ಮರ್ಯಾದೆಗೆ ತಕ್ಕಂತೆ ತಲೆ, ಮೈ ಮುಚ್ಚಿಕೊಂಡೇ ಅಲೆ ಹತ್ತಿದರು. 2013ರಲ್ಲಿ ಮತ್ತೆ ಹೋದಾಗ ಇಬ್ಬರು ಇರಾನಿ ಹೆಣ್ಣುಮಕ್ಕಳು ಜೊತೆಯಾದರು: ಹಿಮದ ಮೇಲೆ ಸ್ನೋಬೋರ್ಡ್ ಆಡುವ ಮೋನಾ ಸೆರಾಜಿ, ಈಜುಗಾರ್ತಿ ಶಹ್ಲಾ ಯಾಸಿನಿ. 'ಇನ್‌ಟು ದಿ ಸೀ' ಎಂಬ ಆ ಸಾಕ್ಷ್ಯಚಿತ್ರದ ಹೆಸರನ್ನು ಹುಡುಗ ನಮಗೆ ಬರೆದುಕೊಟ್ಟ. ಮೊದಲ ಪಯಣದಲ್ಲಿ ಹೊರಗಿನವರು ಮಾಡಿದ್ದನ್ನು ಎರಡನೆಯದರಲ್ಲಿ ಆ ನಾಡಿನವರೇ ಮಾಡಿದರು. ಮುಂದೆ ಸ್ಥಳೀಯ ಬಲೂಚಿ ಮಕ್ಕಳೂ ನೀರಿಗಿಳಿದರು. ಕಾಬೂಲಿನ ಸ್ಕೇಟಿಸ್ತಾನ್ ಶಾಲೆಯ ಹೆಣ್ಣುಮಕ್ಕಳ ಮೇಲೆ ಕ್ಯಾರೊಲ್ ಡೈಸಿಂಗರ್ ಮಾಡಿದ ಚಿತ್ರವಂತೂ 2020ರಲ್ಲಿ ಆಸ್ಕರ್ ಪಡೆಯಿತು. ಈ ಚಿತ್ರಗಳ ಮಕ್ಕಳು ತಲೆವಸ್ತ್ರದಲ್ಲೇ ಹಲಗೆಯ ಮೇಲಿದ್ದಾರೆ. ಯಾರ ಮನೆಯ ಮಗಳನ್ನು ತೋರಿಸುತ್ತೇವೋ ಆ ಮನೆಯ ನಂಬಿಕೆ ಕ್ಯಾಮೆರಾದಲ್ಲಿ ಅಮಾನತ್ತಾಗಿರುತ್ತದೆ ಎಂದು ಹುಡುಗನಿಗೆ ಹೇಳಿದೆವು. ಅವನು ತಲೆಯಾಡಿಸಿದ.

ಹಿಮ, ಅಲೆ ಎಲ್ಲ ಬೇರೆಯವರ ಆಟ ಎನ್ನುವವರೂ ನಮ್ಮಲ್ಲಿದ್ದಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಕಾಶ್ಮೀರದ ಆರಿಫ್ ಖಾನ್. ಅರಕಲಗೂಡಿನ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲಿನ ಓಟದಲ್ಲಿ ಪದಕ ತಂದಿದ್ದಾರೆ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರ ಜೊತೆ ಓಟದ ಪಂದ್ಯ ಕಟ್ಟಿದ್ದನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಮಕ್ಕಳು ಆಡಲು ಹೊರಟಾಗ ಅದನ್ನು ಮರೆಯುವುದು ನ್ಯಾಯವಲ್ಲ. ಇನ್ನು ಸಿನಿಮಾ ಎಂದ ಕೂಡಲೇ ಮುಖ ತಿರುಗಿಸುವವರಿಗೆ ಒಂದು ಮಾತು: ನಮ್ಮ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ನೇ ಸಾಲಿನ ರಾಷ್ಟ್ರೀಯ ಶ್ರೇಷ್ಠ ಚಿತ್ರ ಪ್ರಶಸ್ತಿ ಹಂಚಿಕೊಂಡಿತ್ತು.

ಆದರೆ "ಇನ್ನೂ ಎತ್ತು" ಎಂಬ ಆ ದನಿ? ಅದನ್ನು ಹುಡುಗನ ಮುಂದೆಯೇ ಇಟ್ಟೆವು. ಎದುರಿಗೆ ಕ್ಯಾಮೆರಾ ಇದೆ ಎಂದರೆ ಹಾರುವವನು ಒಂದು ಮೊಳ ಹೆಚ್ಚೇ ಹಾರುತ್ತಾನೆ. ಆ ಒಂದು ಮೊಳದ ಹೊಣೆ ಯಾರದು? ಅವನು ತುಂಬ ಹೊತ್ತು ಸುಮ್ಮನಿದ್ದು, "ಶೂಟ್ ಮಾಡೋನ್ದೇ ಉಸ್ತಾದ್. ಬೇಡ ಅನ್ನೋಕೆ ಅವನಿಗೆ ಗೊತ್ತಿರ್ಬೇಕು" ಎಂದ. ನಮಗೆ ಬೇಕಿದ್ದ ಉತ್ತರ ಅದೇ ಆಗಿತ್ತು.

ಆಮೇಲೆ ಸುಮ್ಮನೆ ಕೇಳಿದೆವು, ನಿನಗೆ ಈಜು ಬರುತ್ತಾ? ಬರಲ್ಲ! ಅಲೆಯೊಳಗೆ ಕ್ಯಾಮೆರಾ ಹಿಡಿಯಲು ಹೊರಟವನಿಗೆ ಹೇಮಾವತಿಯಲ್ಲಿ ಮೊಣಕಾಲು ನೀರಿಗಿಂತ ಮುಂದೆ ಹೋಗಿ ಗೊತ್ತಿಲ್ಲ. ನಮಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಮಕ್ಕಳಿಗೆ ಈಜು ಕಲಿಸಬೇಕೆಂದು ಹಝ್ರತ್ ಉಮರ್(ರ)ರ ಹೆಸರಿನಲ್ಲಿ ಬರುವ ಉಪದೇಶ ಎಷ್ಟು ಸಲ ಹೇಳಿದ್ದೇವೋ, ಒಬ್ಬನನ್ನಾದರೂ ನೀರಿಗೆ ಕರೆದುಕೊಂಡು ಹೋಗಿದ್ದೇವೆಯೇ ಎಂದು ಆಮೇಲೆ ನಾಚಿಕೆಯಾಯಿತು.

ಉಪ್ಪ, ಮಗ, ನಾವು ಕೂತು ಹೀಗೆ ಒಪ್ಪಿಕೊಂಡೆವು: ಡಿಗ್ರಿಗೆ ಸೇರುವುದು. ರಜೆಯಲ್ಲಿ ಹಾಸನದಲ್ಲಿ ಮದುವೆ ವಿಡಿಯೋ ಮಾಡುವವರ ಹತ್ತಿರ ಕೆಲಸ ಕಲಿಯುವುದು. ಈಜು ಬರುವವರೆಗೆ ದಡದಿಂದಲೇ ಶೂಟಿಂಗ್. ದೊಡ್ಡ ಕ್ಯಾಮೆರಾ ಕೊಡಿಸುವ ಮಾತು ಅದಾದ ಮೇಲೆ. ವ್ಯಾಪಾರಿಗೆ ಪೂರ್ತಿ ಸಮಾಧಾನವಿಲ್ಲ. "ನೋಡೋಣ ಉಸ್ತಾದರೇ, ಒಂದು ವರ್ಷ" ಎಂದರು.

ಕಳೆದ ವಾರ ಅರಕಲಗೂಡಿಗೂ ಹೋಗಿದ್ದೆವು. ಕಾಲಿನ ಹುಡುಗ ಊರುಗೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದ. ಅಂದು ಫೋನ್ ಹಿಡಿದಿದ್ದ ಗೆಳೆಯ ಪಕ್ಕದಲ್ಲೇ ತೋಳು ಕೊಟ್ಟಿದ್ದ. ದಿನಾ ಸಂಜೆ ಬರುತ್ತಾನಂತೆ. ನಮ್ಮನ್ನು ನೋಡಿ ಮುಖ ಎತ್ತಲಿಲ್ಲ. ನಾವೂ ಏನೂ ಕೇಳಲಿಲ್ಲ.

ಚನ್ನರಾಯಪಟ್ಟಣದವನು ಈಗ ವಾರಕ್ಕೆ ಮೂರು ದಿನ ಸುಬ್‌ಹಿ ಮುಗಿಸಿ ಮೊದಲ ಬಸ್ಸಿಗೆ ಹಾಸನದ ಈಜುಕೊಳಕ್ಕೆ ಹೋಗುತ್ತಿದ್ದಾನೆ. ಮೊದಲ ದಿನ ಹೊಟ್ಟೆ ತುಂಬ ನೀರು ಕುಡಿದು ಬಂದನಂತೆ. ಮೊನ್ನೆ ಫೋನ್ ಮಾಡಿ, ಆ ಕಡೆಯಿಂದ ಈ ಕಡೆಗೆ ನಿಲ್ಲದೆ ಒಂದು ಸಲ ಬಂದೆ ಉಸ್ತಾದ್ ಎಂದ. ವಾಪಸ್ ಹೋದೆಯಾ ಎಂದು ಕೇಳಿದೆವು. ಇಲ್ಲ, ಅದು ಮುಂದಿನ ವಾರ ಎಂದ.