ಸಸ್ಯಹೇನುಗಳ ನೈಸರ್ಗಿಕ ನಿಯಂತ್ರಣ: ಕೃಷ್ಣಾತೀರದ ಕಬ್ಬಿನ ಹೊಲಗಳ ನಿದರ್ಶನ

ಸಸ್ಯಹೇನುಗಳು ಅತ್ಯಲ್ಪ ಗಾತ್ರದ ಕೀಟಗಳು. ಇವುಗಳ ದೇಹದ ಉದ್ದ ಸಾಮಾನ್ಯವಾಗಿ ಕೆಲವೇ ಮಿಲಿಮೀಟರುಗಳಷ್ಟಿರುತ್ತದೆ. ಆದರೂ ಅವರೆ, ಅಲಸಂದೆ, ಬೆಂಡೆ, ಎಲೆಕೋಸು, ಸೇವಂತಿಗೆ, ಗುಲಾಬಿ ಮೊದಲಾದ ಗಿಡಗಳ ಎಳೆಚಿಗುರಿನಲ್ಲಿ ಸೂಜಿಯಂತಹ ಬಾಯನ್ನು ಚುಚ್ಚಿ ರಸ ಹೀರಿ, ಎಲೆ ಮುದುಡುವಂತೆಯೂ ಮೊಗ್ಗು ಬಾಡುವಂತೆಯೂ ಮಾಡುತ್ತವೆ. ಇವು ವಿಸರ್ಜಿಸುವ ಸಿಹಿಯಾದ ಅಂಟುದ್ರವದ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬೆಳಕು ತಗಲದಂತಾಗುತ್ತದೆ. ಕೆಲವು ಜಾತಿಗಳು ನಂಜುರೋಗಗಳನ್ನು ಗಿಡದಿಂದ ಗಿಡಕ್ಕೆ ಒಯ್ಯುವುದೂ ಉಂಟು.

ಇವುಗಳ ಸಂಖ್ಯೆ ಇಷ್ಟು ಶೀಘ್ರವಾಗಿ ಹೆಚ್ಚಲು ಕಾರಣ ಇವುಗಳ ಸಂತಾನಕ್ರಮ. ಉಷ್ಣಪ್ರದೇಶಗಳಲ್ಲಿ ಬಹುಮಟ್ಟಿಗೆ ಹೆಣ್ಣುಗಳೇ ಗಂಡಿನ ಸಂಪರ್ಕವಿಲ್ಲದೆ ಮರಿಗಳನ್ನು ಈಯುತ್ತವೆ. ತೋಟದ ಹಲವು ಜಾತಿಗಳಲ್ಲಿ ಆ ಮರಿಗಳು ಒಂದು ವಾರ, ಹತ್ತು ದಿನಗಳಲ್ಲಿ ತಾವೇ ಮರಿಹಾಕುವ ಸ್ಥಿತಿಗೆ ಬರುತ್ತವೆ. ಇವನ್ನು ತಿಂದು ಬದುಕುವ ಶತ್ರುಕೀಟಗಳಾದರೋ ಹೇನುಗಳು ನೆಲೆಸಿದ ಮೇಲೆಯೇ ಬಂದು ಮೊಟ್ಟೆಯಿಡತಕ್ಕವು. ಆದುದರಿಂದ ಹೇನಿನ ಏರಿಕೆಗೂ ಶತ್ರುವಿನ ಏರಿಕೆಗೂ ನಡುವೆ ಕೆಲವು ದಿನಗಳ ಅಂತರವಿದ್ದೇ ಇರುತ್ತದೆ. ಬೆಳೆಗಾರನು ಗಾಬರಿಗೊಂಡು ವಿಷವನ್ನು ಸಿಂಪಡಿಸುವುದು ಸಾಮಾನ್ಯವಾಗಿ ಈ ಅಂತರದಲ್ಲಿಯೇ. ಆಗ ಹೇನುಗಳ ಜತೆಗೆ ಅವುಗಳ ಶತ್ರುಗಳೂ ಸಾಯುತ್ತವೆ. ಅಳಿದುಳಿದ ಹೇನುಗಳು ತಡೆಯಿಲ್ಲದೆ ಮತ್ತೆ ಹೆಚ್ಚುತ್ತವೆ. ನೈಸರ್ಗಿಕ ನಿಯಂತ್ರಣದ ವಿಚಾರವೆಲ್ಲ ಈ ಅಂತರವನ್ನು ಹೇಗೆ ದಾಟಬೇಕೆಂಬುದರಲ್ಲಿ ಅಡಗಿದೆ.

ಈ ತತ್ತ್ವವು ಬೆಳಗಾವಿ ಜಿಲ್ಲೆಯಲ್ಲಿಯೇ, ದೊಡ್ಡ ಪ್ರಮಾಣದಲ್ಲಿ, ಕಠಿಣವಾದ ಪರೀಕ್ಷೆಗೆ ಒಳಗಾಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯು ಕೃಷ್ಣಾ, ದೂಧಗಂಗಾ ನದಿಗಳ ನೀರುಂಡ ಕಬ್ಬಿನ ನಾಡು. 2002ರ ಮಳೆಗಾಲದಲ್ಲಿ ನೆರೆಯ ಸಾಂಗಲಿ ಜಿಲ್ಲೆಯ ಕಬ್ಬಿನಲ್ಲಿ ಬಿಳಿಯ ಉಣ್ಣೆಯಂತಹ ಮೇಣವನ್ನು ಹೊದ್ದ ಹೇನೊಂದು ಅಪಾರವಾಗಿ ಕಾಣಿಸಿಕೊಂಡಿತು. ಅದೇ ವರ್ಷ ಅದು ಗಡಿಯನ್ನು ದಾಟಿ ಈ ಸೀಮೆಗೂ ಹಬ್ಬಿತು. ನಮ್ಮ ರೈತರು ಅದನ್ನು ಉಣ್ಣೆ ಹೇನು ಎಂದರು. ಮರಾಠಿಯಲ್ಲಿ ಅದು ಲೋಕರಿ ಮಾವಾ. ಶಾಸ್ತ್ರೀಯವಾಗಿ ಅದರ ಹೆಸರು ಸೆರಾಟೊವಾಕ್ಯೂನಾ ಲಾನಿಜೆರಾ. ಜಾವಾ ದ್ವೀಪದಲ್ಲಿ ಮೊದಲು ವರ್ಣಿತವಾದ ಈ ಕೀಟವು ಭಾರತದ ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಮೊದಲೇ ಇದ್ದಿತು. ದಖನ್ನಿನ ಕಬ್ಬಿಗೆ ಮಾತ್ರ ಹೊಸದು.

ಎಲೆಗಳ ಕೆಳಭಾಗದಲ್ಲಿ, ನಡುದಿಂಡಿನ ಎರಡೂ ಬದಿಗೆ ಬಿಳಿಯ ಹೆಪ್ಪು. ಅದರ ಕೆಳಗಿನ ಎಲೆಗಳ ಮೇಲೆ ಅಂಟು ಮತ್ತು ಕಪ್ಪು. ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ಕುಗ್ಗತೊಡಗಿದವು. ವರ್ಷದ ಒಂದೇ ಆದಾಯವು ಹೊಲದಲ್ಲಿ ನಿಂತಿರುವಾಗ ರೈತನು ಕೀಟನಾಶಕದ ಮೊರೆಹೋದುದು ಸಹಜವೇ ಆಗಿದೆ. ಆದರೆ ಆಳೆತ್ತರವನ್ನು ಮೀರಿ ಬೆಳೆದು ಹೆಣೆದುಕೊಂಡ ಕಬ್ಬಿನೊಳಗೆ ಹೊಕ್ಕು, ಎಲೆಯ ಕೆಳಮುಖಕ್ಕೆ ಔಷಧವನ್ನು ತಲಪಿಸುವುದು ದುಸ್ಸಾಧ್ಯ. ಮೇಣದ ಹೊದಿಕೆಯು ದ್ರವವನ್ನು ತಡೆಯುತ್ತದೆ. ಇದಲ್ಲದೆ ಕಬ್ಬಿನ ಸೋಗೆಯು ಇಲ್ಲಿಯ ದನಗಳ ಮೇವು. ಅದಕ್ಕೆ ತಗಲಿದ ವಿಷವು ಕೊಟ್ಟಿಗೆಯನ್ನೂ ಹಾಲನ್ನೂ ಸೇರುವ ಭಯವಿತ್ತು.

ಈ ಸಂದರ್ಭದಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು ಹೇನಿನ ಗುಂಪುಗಳೊಳಗೆ ಅದರ ಶತ್ರುಗಳನ್ನು ಹುಡುಕಿದರು. ಎರಡು ಮುಖ್ಯವಾದವು ದೊರೆತವು. ಮೊದಲನೆಯದು ಡೈಫಾ ಅಫಿಡಿವೋರಾ ಎಂಬ ಪತಂಗ. ಇದರ ಮರಿಹುಳುವು ಹೇನುಗಳ ನಡುವೆ ರೇಷ್ಮೆಯ ನೂಲಿನ ಸುರಂಗವನ್ನು ನೆಯ್ದುಕೊಂಡು ಅದರೊಳಗಿದ್ದು ಅವನ್ನು ಭಕ್ಷಿಸುತ್ತದೆ. ಎರಡನೆಯದು ಮೈಕ್ರೋಮಸ್ ಇಗೊರೋಟಸ್ ಎಂಬ ಕಂದು ಬಣ್ಣದ ಜಾಲರೆಕ್ಕೆಯ ಕೀಟ. ಇದರ ಮರಿಯು ಕುಡುಗೋಲಿನಂತಹ ದವಡೆಗಳಿಂದ ಹೇನನ್ನು ಹಿಡಿದು ರಸವನ್ನು ಹೀರುತ್ತದೆ. ಇವನ್ನು ಸಾಕಿ, ಇಲ್ಲವೆ ಇವು ಹೇರಳವಾಗಿದ್ದ ಹೊಲದಿಂದ ಎಲೆಸಹಿತ ತಂದು, ಇಲ್ಲದ ಹೊಲಗಳಲ್ಲಿ ಬಿಡಲಾಯಿತು. ಹೆಕ್ಟೇರಿಗೆ ಡೈಫಾದ 1000 ಮರಿಹುಳುಗಳು ಅಥವಾ ಮೈಕ್ರೋಮಸ್‌ನ 2500 ಮರಿಗಳು ಸಾಕೆಂಬುದು ಆಗಿನ ಶಿಫಾರಸು. ಬಿಟ್ಟ ಹೊಲದಲ್ಲಿ ಸಿಂಪರಣೆ ಕೂಡದೆಂಬುದು ಮುಖ್ಯ ನಿಯಮ. ಮುಂದೆ ಅಸ್ಸಾಮಿನ ಕಡೆಯಿಂದ ಎನ್ಕಾರ್ಸಿಯಾ ಫ್ಲಾವೋಸ್ಕುಟೆಲಮ್ ಎಂಬ ಕಿರಿಯ ಕಣಜವನ್ನೂ ತಂದು ನೆಲೆಗೊಳಿಸಿದರು. ಇದು ಹೇನಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ಕೊಲ್ಲತಕ್ಕುದು. ಕೆಲವು ವರ್ಷಗಳಲ್ಲಿ ಉಣ್ಣೆ ಹೇನಿನ ಹಾವಳಿಯು ಇಳಿಮುಖವಾಯಿತು. ಇಂದಿಗೂ ಅದು ಪೂರ್ಣವಾಗಿ ನಿರ್ಮೂಲವಾಗಿಲ್ಲ. ಮೋಡ ಕವಿದ ತೇವದ ದಿನಗಳಲ್ಲಿ ಅಲ್ಲಲ್ಲಿ ತಲೆಯೆತ್ತುತ್ತದೆ. ಆದರೆ ಅದರ ಜತೆಗೇ ಅದರ ಶತ್ರುಗಳೂ ಈಗ ಹೊಲದಲ್ಲಿವೆ. ನಿಯಂತ್ರಣವೆಂದರೆ ನಿರ್ನಾಮವಲ್ಲ, ಹಾನಿಯ ಮಟ್ಟಕ್ಕಿಂತ ಕೆಳಗೆ ಇರಿಸುವುದು ಎಂಬ ಅರ್ಥವು ಇದರಿಂದ ಸ್ಪಷ್ಟವಾಗುತ್ತದೆ.

ಹೊಲದ ಈ ಪಾಠವು ಕಾಲೇಜಿನ ಉದ್ಯಾನಕ್ಕೂ ಮನೆಯ ಹಿತ್ತಲಿಗೂ ಸಲ್ಲುತ್ತದೆ. ಹೇನು ಕಂಡೊಡನೆ ಮೊದಲು ಮಾಡಬೇಕಾದುದು ಪರೀಕ್ಷೆ. ಗುಂಪಿನಲ್ಲಿ ಗುಲಗಂಜಿ ಹುಳುಗಳಾಗಲಿ, ಮೊಸಳೆಯಾಕಾರದ ಅವುಗಳ ಮರಿಗಳಾಗಲಿ, ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಒಣಗಿದ ಹೇನಿನ ಕಳೇಬರಗಳಾಗಲಿ ಕಂಡರೆ ಶತ್ರುಗಳು ಆಗಲೇ ಕಾರ್ಯನಿರತವಾಗಿವೆಯೆಂದು ತಿಳಿಯಬೇಕು. ಕೆಲವು ದಿನ ತಾಳುವುದು ಲೇಸು. ಕಾಣದಿದ್ದರೆ ನೀರನ್ನು ರಭಸವಾಗಿ ಹಾಯಿಸಿ ಹೇನುಗಳನ್ನು ಉದುರಿಸಬಹುದು. ಬಹಳ ಮುತ್ತಿದ ತುದಿಗಳನ್ನು ಚಿವುಟಿ ನಾಶಪಡಿಸಬಹುದು. ಅಂಟುದ್ರವದ ಆಸೆಗೆ ಹೇನುಗಳನ್ನು ಕಾಯುವ ಇರುವೆಗಳ ದಾರಿಯನ್ನು ತಡೆಯಬೇಕು. ಇಷ್ಟರಿಂದ ಸಾಲದಿದ್ದರೆ, ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ ಸೋಸಿದ ಕಷಾಯವನ್ನು ಸಂಜೆಯ ಹೊತ್ತು ಎಲೆಯ ಕೆಳಭಾಗಕ್ಕೆ ಸಿಂಪಡಿಸತಕ್ಕದ್ದು. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಕೊಡಬಾರದು. ಅದರಿಂದ ಬರುವ ಮೆತ್ತನೆಯ ಚಿಗುರು ಹೇನಿಗೆ ಪ್ರಿಯವಾದುದು. ಬದುವಿನಲ್ಲಿ ಕೊತ್ತಂಬರಿ, ಸಬ್ಬಸಿಗೆ ಗಿಡಗಳನ್ನು ಹೂವಿಗೆ ಬಿಟ್ಟರೆ ಶತ್ರುಕೀಟಗಳ ಪ್ರೌಢಾವಸ್ಥೆಗೆ ಮಕರಂದ ದೊರೆಯುತ್ತದೆ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಅದನ್ನು ನೆನೆಸಿದ ನೀರು ಸುಲಭವಾಗಿ ದೊರೆಯುವ ಕೀಟನಾಶಕವೆಂದು ತೋರುವುದು ಸಹಜ. ಸಸ್ಯಜನ್ಯವಾದುದರಿಂದ ಅದು ನಿರಪಾಯಕರವೆಂದು ಭಾವಿಸಲಾಗದು. ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ತೀವ್ರವಾದ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಗುಲಗಂಜಿ ಹುಳುವನ್ನೂ ಬಿಡುವುದಿಲ್ಲ. ಹೊಗೆಸೊಪ್ಪಿನ ನಂಜುರೋಗವು ಆ ನೀರಿನೊಡನೆ ಟೊಮೇಟೊ, ಮೆಣಸಿನಕಾಯಿ ಗಿಡಗಳಿಗೆ ಅಂಟುವ ಸಂಭವವೂ ಉಂಟು. ಆದುದರಿಂದ ಒಂದು ಕ್ರಮವು ನೈಸರ್ಗಿಕವೇ ಅಲ್ಲವೇ ಎಂಬುದನ್ನು ಅದರ ಮೂಲದಿಂದ ನಿರ್ಣಯಿಸಲಾಗದು. ಅದನ್ನು ಬಳಸಿದ ಮೇಲೆ ಹೇನಿನ ಶತ್ರುಗಳು ತೋಟದಲ್ಲಿ ಉಳಿದಿವೆಯೇ ಎಂಬುದರಿಂದಲೇ ನಿರ್ಣಯಿಸಬೇಕು.