ಸತ್ತ ನಾಯಕಿ, ಸುಮ್ಮನಿರದ ಓದುಗರು

1980ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಿಯರಿಗೆ ಸಾವೊಂದು 75 ಸೆಂಟಿಗೆ ಮಾರಾಟವಾಯಿತು. ಮಾರ್ವೆಲ್ ಸಂಸ್ಥೆಯ 'ಎಕ್ಸ್-ಮೆನ್' ಮಾಸಿಕದ 137ನೆಯ ಸಂಚಿಕೆಯಲ್ಲಿ ಜೀನ್ ಗ್ರೇ ಎಂಬ ನಾಯಕಿ ಚಂದ್ರನ ಮೇಲೆ, ತನ್ನ ಪ್ರಿಯಕರನ ಕಣ್ಣೆದುರೇ ಪ್ರಾಣ ಬಿಟ್ಟಳು. ಬಣ್ಣದ ಬಟ್ಟೆ ತೊಟ್ಟು ಹಾರಾಡುವ ವೀರರ ಕಥೆಗಳಲ್ಲಿ ನಾಯಕರು ಸಾಯುವುದು ಅಪರೂಪ. ಸತ್ತರೂ ನಾಲ್ಕಾರು ತಿಂಗಳಲ್ಲಿ ಎದ್ದು ಬರುವುದು ವಾಡಿಕೆ. ಆದರೆ ಈ ಸಾವು ನಿಜವಾದದ್ದೆಂದು ಓದುಗರಿಗೆ ಅನ್ನಿಸಿತು. ದುಃಖ, ಸಿಟ್ಟು, ಮೆಚ್ಚುಗೆಗಳೆಲ್ಲ ಬೆರೆತ ಪತ್ರಗಳು ನ್ಯೂಯಾರ್ಕಿನ ಕಚೇರಿಗೆ ಬಂದು ಬಿದ್ದವು.

ಜೀನ್ ಗ್ರೇ ಓದುಗರಿಗೆ ಹೊಸಬಳೇನಲ್ಲ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಸೃಷ್ಟಿಸಿದ ಐವರು ಎಕ್ಸ್-ಮೆನ್ ವಿದ್ಯಾರ್ಥಿಗಳ ಪೈಕಿ ಒಬ್ಬಳೇ ಹುಡುಗಿ ಆಕೆ. ಆ ಪತ್ರಿಕೆಗೆ ಆಗ ಅಂಥ ಬೇಡಿಕೆಯೇನೂ ಇರಲಿಲ್ಲ. 1970ರಲ್ಲಿ ಹೊಸ ಕಥೆಗಳೇ ನಿಂತುಹೋಗಿ, ಮುಂದಿನ ಐದು ವರ್ಷ ಹಳೆಯ ಸಂಚಿಕೆಗಳ ಮರುಮುದ್ರಣವೇ ಗತಿಯಾಯಿತು. 1975ರಲ್ಲಿ ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡವೊಂದನ್ನು ಕಟ್ಟಿದರು. ಬರವಣಿಗೆ ಕ್ರಿಸ್ ಕ್ಲೇರ್‌ಮಾಂಟ್ ಕೈಗೆ ಬಂತು. ಮುಂದೆ ಚಿತ್ರಗಳನ್ನು ಜಾನ್ ಬರ್ನ್ ಬಿಡಿಸತೊಡಗಿದರು. 1976ರಲ್ಲಿ ಬಾಹ್ಯಾಕಾಶ ನೌಕೆಯೊಂದರಲ್ಲಿ ಗೆಳೆಯರನ್ನು ಉಳಿಸಲು ಹೋದ ಜೀನ್, ಫೀನಿಕ್ಸ್ ಎಂಬ ಅಪಾರ ಶಕ್ತಿಯಾಗಿ ಮಾರ್ಪಟ್ಟಳು. ಆ ಶಕ್ತಿ ಅವಳನ್ನು ಹೇಗೆ ಹಂತಹಂತವಾಗಿ ಕೆಡಿಸಿತು ಎಂಬುದನ್ನು ಕ್ಲೇರ್‌ಮಾಂಟ್ ನಾಲ್ಕು ವರ್ಷಗಳ ಕಾಲ, ತಿಂಗಳಿಗಿಷ್ಟು ಎಂಬಂತೆ ಬಿಡಿಸಿ ಹೇಳಿದರು. 135ನೆಯ ಸಂಚಿಕೆಯಲ್ಲಿ ಆಕೆ ಹಸಿವಿನ ಭರದಲ್ಲಿ ಒಂದು ನಕ್ಷತ್ರವನ್ನೇ ನುಂಗಿದಳು. ಅದನ್ನು ಸುತ್ತುತ್ತಿದ್ದ ಗ್ರಹದ 500 ಕೋಟಿ ಜೀವಗಳು ನಾಶವಾದವು.

ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತವರಿಗೆ ಮುಂದಿನ ಕಂತಿನ ಚಡಪಡಿಕೆ ಏನೆಂಬುದನ್ನು ವಿವರಿಸಬೇಕಿಲ್ಲ. ಅಮೆರಿಕದ ಕಾಮಿಕ್ಸ್‌ಗಳಲ್ಲಿ ಈ ಚಡಪಡಿಕೆಗೆ ಒಂದು ಅಧಿಕೃತ ಜಾಗವೇ ಇತ್ತು, ಸಂಚಿಕೆಯ ಕೊನೆಯ ಪತ್ರಗಳ ಪುಟ. ಅಲ್ಲೊಂದು ವಿಚಿತ್ರವೂ ಇತ್ತು. ಕಥೆ ಬರೆದು, ಚಿತ್ರಿಸಿ, ಅಚ್ಚು ಹಾಕಿ ಅಂಗಡಿಗೆ ತಲುಪಿಸಲು ತಿಂಗಳುಗಳೇ ಬೇಕು. ಆದ್ದರಿಂದ ಓದುಗನ ಪತ್ರ ಅಚ್ಚಾಗುವಾಗ ಅದು ಮೂರು-ನಾಲ್ಕು ತಿಂಗಳ ಹಿಂದಿನ ಕಥೆಯ ಬಗೆಗಿನ ಮಾತಾಗಿರುತ್ತಿತ್ತು. ಅವನು ಯಾವುದು ಆಗಬಾರದೆಂದು ಬೇಡಿಕೊಂಡಿದ್ದನೋ ಅದು ಆಗಲೇ ಆಗಿಹೋಗಿರುತ್ತಿತ್ತು.

ಹಾಗಿದ್ದರೂ ಈ ಪುಟಗಳನ್ನು ಬರೀ ತಲೆಸವರುವ ಉಪಾಯ ಎನ್ನುವಂತಿಲ್ಲ. ಪತ್ರದ ಜೊತೆ ಬರೆದವರ ಪೂರ್ತಿ ವಿಳಾಸವೂ ಅಚ್ಚಾಗುತ್ತಿದ್ದುದರಿಂದ ಊರೂರಿನ ಒಂಟಿ ಓದುಗರಿಗೆ ಪರಸ್ಪರರ ಗುರುತು ಹತ್ತಿತು. 1961ರಲ್ಲಿ ಜೆರ್ರಿ ಬೇಲ್ಸ್ ಎಂಬ ಅಧ್ಯಾಪಕರು 'ಆಲ್ಟರ್ ಈಗೊ' ಎಂಬ ಅಭಿಮಾನಿ ಪತ್ರಿಕೆ ಶುರುಮಾಡಿದರು. ಅದರಲ್ಲಿ ಅವರ ಜೊತೆಗಾರನಾಗಿದ್ದ ರಾಯ್ ಥಾಮಸ್ ಮುಂದೆ ಮಾರ್ವೆಲ್‌ನ ಸಂಪಾದಕನೇ ಆದ. 1963ರಲ್ಲಿ 'ಫೆಂಟಾಸ್ಟಿಕ್ ಫೋರ್' ಪತ್ರಿಕೆಯಲ್ಲಿ ಒಬ್ಬ ಹುಡುಗನ ಪತ್ರ ಅಚ್ಚಾಗಿತ್ತು. ಆ ಹುಡುಗನೇ ಇಂದು 'ಗೇಮ್ ಆಫ್ ಥ್ರೋನ್ಸ್' ಕಾದಂಬರಿಕಾರನೆಂದು ಜಗತ್ತು ಬಲ್ಲ ಜಾರ್ಜ್ ಆರ್. ಆರ್. ಮಾರ್ಟಿನ್. ಕಥೆಯಲ್ಲಿನ ತಪ್ಪನ್ನು ಹಿಡಿದು, ಅದು ಯಾಕೆ ತಪ್ಪಲ್ಲವೆಂದು ಜಾಣತನದಿಂದ ಸಾಧಿಸಿದವರಿಗೆ ಸ್ಟ್ಯಾನ್ ಲೀ ಒಂದು 'ಬಹುಮಾನ'ವನ್ನೂ ಇಟ್ಟಿದ್ದರು. ಅಂಚೆಯಲ್ಲಿ ಬರುವ ಆ ಲಕೋಟೆಯ ಒಳಗೆ ಏನೂ ಇರುತ್ತಿರಲಿಲ್ಲ! ಖಾಲಿ ಲಕೋಟೆಗಾಗಿ ಹುಡುಗರು ತಲೆ ಕೆಡಿಸಿಕೊಂಡರು. ಕಥೆಯ ಹರಕಿಗೆ ತೇಪೆ ಹಾಕುವ ವಿದ್ಯೆ ಅವರಿಗೆ ಹಾಗೆ ಕರಗತವಾಯಿತು. ಆ ವಿದ್ಯೆ ಮುಂದೆ ಜೀನ್ ಗ್ರೇಗೂ ಒದಗಿಬರಲಿತ್ತು.

ಪ್ರತಿಸ್ಪರ್ಧಿ ಡಿ.ಸಿ. ಸಂಸ್ಥೆಯಲ್ಲಿ ಓದುಗರ ಕೈ ಇನ್ನೂ ಉದ್ದವಿತ್ತು. 1958ರಲ್ಲಿ ಸೂಪರ್‌ಬಾಯ್‌ನ ಒಂದು ಕಥೆಗೆಂದು ಹುಟ್ಟಿಸಿದ 'ಲೀಜನ್ ಆಫ್ ಸೂಪರ್ ಹೀರೋಸ್' ಎಂಬ ಹದಿಹರೆಯದವರ ತಂಡ ಆ ಒಂದೇ ಕಥೆಗೆ ಮುಗಿಯಬೇಕಿತ್ತು. ಓದುಗರು ಪತ್ರ ಬರೆದು ಬರೆದು ಅದನ್ನು ಮರಳಿ ತರಿಸಿದರು. ಹೊಸ ಸದಸ್ಯರು ಹೇಗಿರಬೇಕೆಂದು ಸೂಚಿಸಿದರು; ತಂಡದ ನಾಯಕನ ಆಯ್ಕೆಗೆ ಮತವನ್ನೂ ಹಾಕಿದರು. ಅವರ ನಡುವಿನಿಂದ ಬಂದವನೇ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಮಿಕನೊಬ್ಬನ ಮಗ ಜಿಮ್ ಶೂಟರ್. ಮನೆಯ ಬಡತನಕ್ಕೆ ಆಸರೆಯಾಗಲೆಂದು 13ನೆಯ ವಯಸ್ಸಿನಲ್ಲಿ ಲೀಜನ್ ಕಥೆಯೊಂದನ್ನು ತಾನೇ ಬರೆದು, ಚಿತ್ರದ ನಕಾಶೆಯನ್ನೂ ಹಾಕಿ ಕಳಿಸಿದ. ಬರೆದವನು ಶಾಲಾ ಬಾಲಕನೆಂಬುದು ಸಂಪಾದಕ ಮಾರ್ಟ್ ವೈಸಿಂಗರ್‌ಗೆ ಮೊದಲು ತಿಳಿದಿರಲಿಲ್ಲ. 1966ರಿಂದ ಅವನ ಕಥೆಗಳು ಅಚ್ಚಾಗತೊಡಗಿದವು. ಮರುವರ್ಷ ತಾನೇ ಸೃಷ್ಟಿಸಿದ ಫೆರೋ ಲ್ಯಾಡ್ ಎಂಬ ಸದಸ್ಯನನ್ನು ಸೂರ್ಯಭಕ್ಷಕನೊಂದರ ಎದುರಿನ ಹೋರಾಟದಲ್ಲಿ ಬಲಿಕೊಟ್ಟ. ಅದಕ್ಕೆ ಮೊದಲು, 1963ರ ಆರಂಭದಲ್ಲಿ ಸತ್ತ ಲೈಟ್ನಿಂಗ್ ಲ್ಯಾಡ್ ಅದೇ ವರ್ಷ ಎದ್ದು ಬಂದಿದ್ದ. ಫೆರೋ ಲ್ಯಾಡ್‌ಗೆ ಆ ಭಾಗ್ಯ ಸಿಗಲಿಲ್ಲ.

ಈ ಶೂಟರ್ 1978ರಲ್ಲಿ ಮಾರ್ವೆಲ್‌ನ ಪ್ರಧಾನ ಸಂಪಾದಕನಾದ. ಎರಡು ವರ್ಷದ ಬಳಿಕ ಮತ್ತೊಬ್ಬ ಸೂರ್ಯಭಕ್ಷಕಿ ಅವನ ಮೇಜಿನ ಮೇಲೆ ಬಂದು ಕುಳಿತಳು.

ಕ್ಲೇರ್‌ಮಾಂಟ್ ಮತ್ತು ಬರ್ನ್ ಮೊದಲು ಬರೆದಿದ್ದ ಅಂತ್ಯದಲ್ಲಿ ಜೀನ್ ಸಾಯುವುದಿಲ್ಲ. ಅನ್ಯಗ್ರಹದವರು ಅವಳ ಮನೋಶಕ್ತಿಯನ್ನು ಕಿತ್ತು ಸಾಮಾನ್ಯ ಹೆಣ್ಣಾಗಿಸಿ ಕಳಿಸುತ್ತಾರೆ. ಶೂಟರ್ ಇದಕ್ಕೆ ಒಪ್ಪಲಿಲ್ಲ. ಕೋಟಿಗಟ್ಟಲೆ ಜೀವಗಳನ್ನು ಕೊಂದವಳು ಮನೆಗೆ ಹೋಗಿ ಸುಖವಾಗಿರುವುದೆಂದರೇನು ಎಂಬುದು ಅವನ ತಕರಾರು. ಜೀವಾವಧಿ ಸೆರೆವಾಸವೆಂದರೆ ಗೆಳೆಯರು ಬಿಡಿಸದೆ ಸುಮ್ಮನಿರುವರೇ? ವಾದವಿವಾದದ ಕೊನೆಗೆ ಉಳಿದದ್ದು ಸಾವೊಂದೇ. ಸಿದ್ಧವಾಗಿದ್ದ ಕೊನೆಯ ಪುಟಗಳನ್ನು ಬದಲಿಸಿ ಹೊಸದಾಗಿ ಬರೆಯಲಾಯಿತು. ಆ ಬದಲಾವಣೆಯೇ ಕಥೆಯನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಮೂಲ ಅಂತ್ಯವನ್ನು ಮಾರ್ವೆಲ್ 1984ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದೆ. ಓದಿದರೆ, ಅದು ಮುಂದಿನ ಸಂಚಿಕೆಗೆ ದಾರಿ ಮಾಡಿಕೊಡುವ ಇನ್ನೊಂದು ಕಂತಿನಂತೆ ಕಾಣುತ್ತದೆ, ಅಷ್ಟೆ.

ನೊಂದ ಓದುಗರು ಪತ್ರಿಕೆ ಬಿಡಲಿಲ್ಲ. ಎಂಬತ್ತರ ದಶಕದಲ್ಲಿ 'ಎಕ್ಸ್-ಮೆನ್' ಮಾರಾಟದಲ್ಲಿ ಮುಂಚೂಣಿಗೆ ಬಂತು. ಆದರೆ ಜೀನ್‌ಳನ್ನು ಬದುಕಿಸುವ ಹಂಬಲ ಹೋಗಲಿಲ್ಲ. ಶೂಟರ್ ಹಾಕಿದ ಷರತ್ತು ಒಂದೇ: ಆಕೆ ಮರಳಿ ಬರುವುದಾದರೆ ಆ ಕೊಲೆಗಳ ಕಳಂಕ ಅವಳಿಗೆ ಅಂಟಿರಬಾರದು. ಓದುಗರ ಪುಟಗಳಿಗೆ ಪತ್ರ ಬರೆದು ಬೆಳೆದ ಕರ್ಟ್ ಬ್ಯುಸಿಕ್ ಎಂಬ ಕಾಲೇಜು ವಿದ್ಯಾರ್ಥಿ ಇದನ್ನೊಂದು ಒಗಟಿನಂತೆ ಬಿಡಿಸಿದ. ನಕ್ಷತ್ರ ನುಂಗಿದವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಾಳಿದ ಶಕ್ತಿ. ನಿಜವಾದ ಜೀನ್ 1976ರ ಆ ನೌಕಾ ಅಪಘಾತದ ದಿನದಿಂದಲೂ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ಮಲಗಿದ್ದಾಳೆ! ಖಾಲಿ ಲಕೋಟೆಯ ಬಹುಮಾನಕ್ಕೆ ಇದಕ್ಕಿಂತ ಯೋಗ್ಯವಾದ ತೇಪೆ ಸಿಗುವುದು ಕಷ್ಟ. ಉಪಾಯ ಲೇಖಕ ರೋಜರ್ ಸ್ಟರ್ನ್ ಮೂಲಕ ಜಾನ್ ಬರ್ನ್ ಕಿವಿಗೆ ಬಿತ್ತು. 1986ರಲ್ಲಿ ಜೀನ್ ನೀರಿನಿಂದ ಎದ್ದು ಬಂದಳು. 'ಎಕ್ಸ್-ಫ್ಯಾಕ್ಟರ್' ಎಂಬ ಹೊಸ ಪತ್ರಿಕೆಯೂ ಶುರುವಾಯಿತು. ಅಷ್ಟರಲ್ಲಿ ಬ್ಯುಸಿಕ್ ಕೂಡ ವೃತ್ತಿನಿರತ ಲೇಖಕನಾಗಿದ್ದ.

ಸಂಭ್ರಮಕ್ಕೆ ಬೆಲೆ ತೆತ್ತವಳು ಬೇರೊಬ್ಬಳು. ಜೀನ್‌ಳ ಪ್ರಿಯಕರ ಸ್ಕಾಟ್ ಅಷ್ಟರಲ್ಲಿ ಮೆಡಲಿನ್ ಎಂಬಾಕೆಯನ್ನು ಮದುವೆಯಾಗಿ ಒಂದು ಮಗುವಿನ ತಂದೆಯಾಗಿದ್ದ. ಹಳೆಯ ಐವರನ್ನು ಮತ್ತೆ ಒಂದೆಡೆ ತರುವ ಅವಸರದಲ್ಲಿ ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಹೊರಡಬೇಕಾಯಿತು. ಹಲವು ಓದುಗರು ಅವನನ್ನು ಇಂದಿಗೂ ಕ್ಷಮಿಸಿಲ್ಲ. ಆ ದಾಂಪತ್ಯವನ್ನು ಕಟ್ಟಿಕೊಟ್ಟಿದ್ದ ಕ್ಲೇರ್‌ಮಾಂಟ್ ಕೂಡ ಜೀನ್‌ಳ ಮರಳುವಿಕೆಯನ್ನು ವಿರೋಧಿಸಿದ್ದರು. ಆರು ವರ್ಷ ಹಿಂದೆ ಅತ್ತವರ ಪೈಕಿ ಎಷ್ಟೋ ಮಂದಿಗೆ ತಮ್ಮ ಕಣ್ಣೀರೇ ವ್ಯರ್ಥವಾದಂತೆ ಅನ್ನಿಸಿತು. ಆ ಅಸಮಾಧಾನ ನ್ಯಾಯವಾದದ್ದೇ. ಸತ್ತವಳು ಜೀನ್ ಅಲ್ಲವೆಂದಾದ ಮೇಲೆ ಚಂದ್ರನ ಮೇಲಿನ ಆ ತ್ಯಾಗ ಯಾರದು?

1988ರಲ್ಲಿ ಡಿ.ಸಿ. ಸಂಸ್ಥೆ ಈ ಅಧಿಕಾರವನ್ನು ನೇರವಾಗಿ ಓದುಗರಿಗೇ ಒಪ್ಪಿಸಿತು. ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್, ಅಂದರೆ ಜೇಸನ್ ಟಾಡ್ ಎಂಬ ಹುಡುಗ, ಬದುಕಬೇಕೋ ಸಾಯಬೇಕೋ ಎಂದು ದೂರವಾಣಿ ಮತದಾನ ನಡೆಯಿತು. ಕರೆಗೆ 50 ಸೆಂಟ್. ಬದುಕಲಿ ಎಂದವು 5,271 ಮತ, ಸಾಯಲಿ ಎಂದವು 5,343. ಕೇವಲ 72 ಮತಗಳಿಂದ ಹುಡುಗ ಸತ್ತ. ಅವನೂ 2005ರಲ್ಲಿ ಮರಳಿ ಬಂದ.

ಪತ್ರಗಳ ಪುಟಗಳು ಈಚೆಗೆ ಬಹುಮಟ್ಟಿಗೆ ಮರೆಯಾಗಿವೆ; ಡಿ.ಸಿ. 2002ರಲ್ಲೇ ಅವನ್ನು ಕೈಬಿಟ್ಟಿತು. ಅಂತರಜಾಲದಲ್ಲಿ ಸಂಚಿಕೆ ಬಂದ ದಿನವೇ ತೀರ್ಪು ಹೊರಬೀಳುತ್ತದೆ. ಮತದಾನ ಮಾತ್ರ ಉಳಿದುಕೊಂಡಿದೆ. 2021ರಲ್ಲಿ ಮಾರ್ವೆಲ್ ಎಕ್ಸ್-ಮೆನ್ ತಂಡದ ಕೊನೆಯ ಸ್ಥಾನಕ್ಕೆ ಹತ್ತು ಮಂದಿ ಉಮೇದುವಾರರನ್ನು ನಿಲ್ಲಿಸಿ ಓದುಗರಿಂದ ಮತ ಹಾಕಿಸಿತು. ಗೆದ್ದವಳು ಪೊಲಾರಿಸ್. ಆ ತಂಡದಲ್ಲಿ ಜೀನ್ ಗ್ರೇ ಕೂಡ ಇದ್ದಳು, ಅದೂ 2004ರಲ್ಲಿ ಇನ್ನೊಮ್ಮೆ ಸತ್ತು, ವರ್ಷಗಳ ಬಳಿಕ ಇನ್ನೊಮ್ಮೆ ಎದ್ದು ಬಂದು. 2023ರಲ್ಲಿ ಅವಳನ್ನು ಮತ್ತೆ ಕೊಲ್ಲಲಾಯಿತು. ಮರುವರ್ಷ ಜುಲೈಯಲ್ಲಿ 'ಫೀನಿಕ್ಸ್' ಎಂಬ ಅವಳದೇ ಹೆಸರಿನ ಹೊಸ ಮಾಸಿಕದ ಮೊದಲ ಸಂಚಿಕೆ ಅಂಗಡಿಗೆ ಬಂತು.