ಸೌರ ಪಂಪ್‌ಸೆಟ್ ಕಂಟ್ರೋಲರ್: ದೋಷ ಒಳಗಿದೆಯೋ, ಹೊರಗಿದೆಯೋ?

ಎ.ಸಿ. ಮೋಟಾರಿನ ಸೌರ ಪಂಪ್‌ಸೆಟ್‌ಗಳ ಕಂಟ್ರೋಲರ್ ಮೂಲತಃ ಕಾರ್ಖಾನೆಗಳಲ್ಲಿ ಬಳಸುವ ವಿ.ಎಫ್.ಡಿ. ಸಾಧನವೇ ಆಗಿದೆ. ಇದು ಫಲಕಗಳ ಡಿ.ಸಿ. ವಿದ್ಯುತ್ತನ್ನು ಮೂರು ಫೇಸ್ ಎ.ಸಿ.ಯಾಗಿ ಪರಿವರ್ತಿಸಿ, ಬಿಸಿಲಿಗೆ ಅನುಗುಣವಾಗಿ ಮೋಟಾರಿನ ವೇಗವನ್ನು ನಿಯಂತ್ರಿಸುತ್ತದೆ.

ಪರದೆಯಲ್ಲಿ ಓವರ್ ಕರೆಂಟ್ ಅಥವಾ ಅರ್ಥ್ ಫಾಲ್ಟ್ ಸಂದೇಶ ಕಂಡೊಡನೆ ಬೋರ್ಡ್ ಸುಟ್ಟಿದೆಯೆಂದು ತೀರ್ಮಾನಿಸಬೇಡಿ. ಕೊಳವೆಬಾವಿಯೊಳಗಿನ ಕೇಬಲ್ ಜಾಯಿಂಟ್‌ಗೆ ನೀರು ಸೇರಿದಾಗಲೂ ಇದೇ ಸಂದೇಶ ಬರುತ್ತದೆ. ಕೆಟ್ಟ ಕೇಬಲ್‌ಗೆ ಹೊಸ ಕಂಟ್ರೋಲರ್ ಜೋಡಿಸಿದರೆ ಅದೂ ಕೆಡಬಹುದು. ಅಷ್ಟರಲ್ಲಿ ಬೆಳೆ ಒಣಗಿರುತ್ತದೆ.

ಮುಂದಿನ ಪರೀಕ್ಷೆಗಳನ್ನು ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು. ಬಿಸಿಲಿರುವವರೆಗೆ ಫಲಕದ ತಂತಿಗಳಲ್ಲಿ ನೂರಾರು ವೋಲ್ಟ್ ಡಿ.ಸಿ. ಇದ್ದೇ ಇರುತ್ತದೆ. ಪಂಪನ್ನು ನಿಲ್ಲಿಸಿ, ಡಿ.ಸಿ. ಐಸೊಲೇಟರ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಕನಿಷ್ಠ 10 ನಿಮಿಷ ಕಾದು, ಕಂಟ್ರೋಲರಿನ ಡಿ.ಸಿ. ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಇಳಿದಿರುವುದನ್ನು 1000 ವೋಲ್ಟ್ ಸಾಮರ್ಥ್ಯದ ಮಲ್ಟಿಮೀಟರ್‌ನಿಂದ ಅಳೆದು ಖಚಿತಪಡಿಸಿಕೊಳ್ಳಬೇಕು. ಪರದೆ ಆರಿದೆಯೆಂದು ಕೈಹಾಕುವುದು ಪ್ರಾಣಾಪಾಯಕರ.

ನಂತರ ಯು, ವಿ, ಡಬ್ಲ್ಯೂ ಟರ್ಮಿನಲ್‌ಗಳಿಂದ ಮೋಟಾರಿನ ತಂತಿಗಳನ್ನು ಬಿಚ್ಚಿ. ಬಿಚ್ಚಿದ ತಂತಿಗಳಿಗೂ ಅರ್ಥ್‌ಗೂ ನಡುವೆ 500 ವೋಲ್ಟ್ ಮೆಗ್ಗರ್‌ನಿಂದ ಪರೀಕ್ಷಿಸಿದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ದೋಷ ಕೇಬಲ್ ಅಥವಾ ಮೋಟಾರಿನಲ್ಲಿದೆ. ಮೆಗ್ಗರನ್ನು ಕಂಟ್ರೋಲರ್‌ಗೆ ಎಂದಿಗೂ ತಾಗಿಸಬಾರದು; ಸರಿಯಿದ್ದ ಬೋರ್ಡ್ ಆ ಪರೀಕ್ಷೆಯಿಂದಲೇ ಸುಟ್ಟುಹೋಗಬಹುದು.

ಕಂಟ್ರೋಲರಿನ ಪರೀಕ್ಷೆಗೆ ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಡಿ. ಕೆಂಪು ಕಡ್ಡಿಯನ್ನು ಡಿ.ಸಿ. ಮೈನಸ್‌ಗೆ, ಕಪ್ಪು ಕಡ್ಡಿಯನ್ನು ಯು, ವಿ, ಡಬ್ಲ್ಯೂಗೆ ಒಂದೊಂದಾಗಿ ತಾಗಿಸಿದರೆ ಸಾಮಾನ್ಯವಾಗಿ 0.3ರಿಂದ 0.6 ವೋಲ್ಟ್ ತೋರಿಸುತ್ತದೆ. ಬಳಿಕ ಕಪ್ಪು ಕಡ್ಡಿಯನ್ನು ಡಿ.ಸಿ. ಪ್ಲಸ್‌ಗೆ, ಕೆಂಪನ್ನು ಮೂರು ಟರ್ಮಿನಲ್‌ಗಳಿಗೆ ತಾಗಿಸಿ ನೋಡಿ. ಅಂಕಿಗಿಂತ ಹೋಲಿಕೆ ಮುಖ್ಯ: ಪ್ರತಿ ಬಾರಿಯೂ ಮೂರರಲ್ಲಿ ಒಂದೇ ಬಗೆಯ ಅಳತೆ ಬರಬೇಕು. ಒಂದರಲ್ಲಿ ಸೊನ್ನೆಯ ಸಮೀಪ ಬಂದರೆ ಐ.ಜಿ.ಬಿ.ಟಿ. ಶಾರ್ಟ್ ಆಗಿದೆ. ಆಗ ಮತ್ತೆ ಮತ್ತೆ ರೀಸೆಟ್ ಮಾಡಬೇಡಿ.

ಅಳತೆಗಳು ಸರಿಯಿದ್ದ ಮಾತ್ರಕ್ಕೆ ಕಂಟ್ರೋಲರ್ ನಿರ್ದೋಷಿಯೆನ್ನಲಾಗದು, ಐ.ಜಿ.ಬಿ.ಟಿ.ಗಳನ್ನು ಚಾಲನೆಗೊಳಿಸುವ ಸರ್ಕ್ಯೂಟ್ ಕೆಟ್ಟಿರಬಹುದು. ಮೋಟಾರಿಲ್ಲದೆ ಚಾಲೂ ಮಾಡಿದಾಗಲೂ ಓವರ್ ಕರೆಂಟ್ ಬಂದರೆ ದೋಷ ಒಳಗಿನದೇ. ಔಟ್‌ಪುಟ್ ಫೇಸ್ ಲಾಸ್ ಎಂದು ಬಂದರೆ ಗಾಬರಿ ಬೇಡ, ಮೋಟಾರಿಲ್ಲದಾಗ ಅದು ಸಹಜ.

ಮಧ್ಯಾಹ್ನ ಮಾತ್ರ ನಿಲ್ಲುವ ಪಂಪಿಗೆ ಬಹುಮಟ್ಟಿಗೆ ಬಿಸಿಯೇ ಕಾರಣ. ಫ್ಯಾನ್, ಅದರ ಜಾಲರಿಯ ಧೂಳು, ಇರುವೆಗೂಡು ನೋಡಿ; ಪೆಟ್ಟಿಗೆಗೆ ನೆರಳು ಮಾಡಿ.

ವಾರಂಟಿ ಇದ್ದಲ್ಲಿ ಸೀಲ್ ಒಡೆಯದೆ, ಫಾಲ್ಟ್ ಸಂಕೇತವನ್ನೂ ಮೆಗ್ಗರ್ ಅಳತೆಯನ್ನೂ ಬರೆದುಕೊಂಡು ಸೇವಾ ಕೇಂದ್ರಕ್ಕೆ ತಿಳಿಸಿ.